ಹೊಟ್ಟೆ ಬೆಳೆದ ಶತ್ರು: ಸೋವಿಯತ್ ಪ್ರಚಾರ ಅನಿಮೇಷನ್ನಿನ ಒಂದು ಓದು

ಮೇಜಿನ ತುಂಬ ಊಟ, ಸೀಸೆಗಳು. ಎದುರಿಗೆ ಕೂತ ಡೊಳ್ಳುಹೊಟ್ಟೆಯವನು ತಿನ್ನುತ್ತಾನೆ, ಕುಡಿಯುತ್ತಾನೆ, ಮತ್ತೆ ತಿನ್ನುತ್ತಾನೆ. ಊದಿದ ಹೊಟ್ಟೆಯ ಮೇಲೆ ಹೆಣ್ಣೊಬ್ಬಳು ಕುಣಿಯುತ್ತಾಳೆ. ಕಾರ್ಮಿಕನೂ ರೈತನೂ ಬೆಸೆದು ಎರಡು ಮುಖದ ಒಂದೇ ದೇಹವಾದ ಮೇಲಷ್ಟೇ ಆ ಹೊಟ್ಟೆಯಿಂದ ಹಣ ಸುರಿಯುತ್ತದೆ. ಕೊನೆಗೆ ಕೆಂಪು ಸೇನೆಯ ಯೋಧರು ಒಬ್ಬರ ಮೇಲೊಬ್ಬರು ನಿಂತು ಮರವಾಗುತ್ತಾರೆ. ಅದಕ್ಕೆ ತೂಗುಹಾಕಿದ ಆಟಿಕೆಗಳೆಂದರೆ ಆ ಸಿರಿವಂತ ಮತ್ತು ಅವನ ಸಂಗಡಿಗರು. ಜಿಗಾ ವರ್ತೋವ್ 1924ರಲ್ಲಿ ತಯಾರಿಸಿದ 'ಸೋವಿಯತ್ ಆಟಿಕೆಗಳು' ಇದು. ವಿಕ್ತರ್ ದೇನಿಯ ವ್ಯಂಗ್ಯಚಿತ್ರಗಳಿಂದ ಹುಟ್ಟಿದ ಈ ಕಿರುಚಿತ್ರದಿಂದಲೇ ಸೋವಿಯತ್ ಅನಿಮೇಷನ್ನಿನ ಚರಿತ್ರೆಯನ್ನು ಸಾಮಾನ್ಯವಾಗಿ ಆರಂಭಿಸುತ್ತಾರೆ.

ಆ ಹೊಟ್ಟೆ ಯಾರದು? ಲಂಡನ್ನಿನವನದಲ್ಲ, ನ್ಯೂಯಾರ್ಕಿನವನದೂ ಅಲ್ಲ. 1921ರಲ್ಲಿ ಲೆನಿನ್ ಸರ್ಕಾರ ಹೊಸ ಆರ್ಥಿಕ ನೀತಿ ತಂದು ಖಾಸಗಿ ವ್ಯಾಪಾರಕ್ಕೆ ಮತ್ತೆ ಅವಕಾಶ ಕೊಟ್ಟಿತ್ತು. ಆ ಅವಕಾಶದಲ್ಲಿ ಕೊಬ್ಬಿದ ವರ್ತಕನನ್ನು ಜನ 'ನೆಪ್‌ಮನ್' ಎನ್ನುತ್ತಿದ್ದರು. ತೆರೆಯ ಮೇಲೆ ಗಲ್ಲಿಗೇರಿದವನು ಅವನೇ. ಅಂದರೆ ಪ್ರಭುತ್ವ ತಾನೇ ಮಾಡಿಕೊಂಡ ರಾಜಿಯ ಬಗ್ಗೆ ತನಗಿದ್ದ ಅಳುಕನ್ನು ಈ ಚಿತ್ರ ಬಿಡಿಸಿ ತೋರಿಸಿತು. ಮುಂದಿನ ಅರ್ಧ ಶತಮಾನದ ಚಿತ್ರಗಳಿಗೂ ಈ ಮಾತು ಬಹುಮಟ್ಟಿಗೆ ಅನ್ವಯಿಸುತ್ತದೆ ಎಂಬುದು ನನ್ನ ವಾದ. ಶತ್ರುವಿನ ವೇಷ ಪರದೇಶದ್ದಾದರೂ ಅದರೊಳಗಿನ ಭಯ ಮನೆಯದು.

ಇಪ್ಪತ್ತರ ದಶಕದ ಕಲಾವಿದರಲ್ಲಿ ನಿಜವಾದ ಕಾವಿತ್ತು. ನಿಕೊಲಾಯ್ ಖೊದತಾಯೆವ್, ಜೆನಾನ್ ಕೊಮಿಸ್ಸರೆಂಕೊ, ಯೂರಿ ಮೆರ್ಕುಲೊವ್ ಸೇರಿ ಮಾಡಿದ 'ಗ್ರಹಾಂತರ ಕ್ರಾಂತಿ'ಯಲ್ಲಿ (1924) ಬಂಡವಾಳಿಗರು ಭೂಮಿ ಬಿಟ್ಟು ಓಡುತ್ತಾರೆ, ಕ್ರಾಂತಿ ಅವರ ಬೆನ್ನಟ್ಟಿ ಮಂಗಳಗ್ರಹಕ್ಕೂ ಹೋಗುತ್ತದೆ. ಕತ್ತರಿಸಿದ ಕಾಗದದ ಗೊಂಬೆಗಳನ್ನು ಕ್ಯಾಮೆರಾದ ಕೆಳಗಿಟ್ಟು, ಕೂದಲೆಳೆಯಷ್ಟು ಸರಿಸಿ, ಒಂದೊಂದೇ ಚೌಕಟ್ಟು ತೆಗೆದು ಕಟ್ಟಿದ ಲೋಕವದು. ಆ ಕೈಗಳು ಅಪ್ಪಣೆಗೆ ಮಾತ್ರ ದುಡಿದವು ಎಂದರೆ ಅನ್ಯಾಯವಾಗುತ್ತದೆ. 1925ರ 'ಹೊತ್ತಿ ಉರಿವ ಚೀನಾ' ತಂಡದಲ್ಲಿ ಇವಾನ್ ಇವನೊವ್-ವಾನೊ ಎಂಬ ಯುವಕನಿದ್ದ. ಈ ಚರಿತ್ರೆಯನ್ನು ಅವನ ಬೆನ್ನು ಹಿಡಿದೇ ಓದಬಹುದು.

1932ರಲ್ಲಿ ಅವನು ಲಿಯೊನಿದ್ ಅಮಲ್ರಿಕ್ ಜೊತೆ ಮಯಕೊವ್ಸ್ಕಿಯ ಕವಿತೆ ಆಧರಿಸಿ 'ಬ್ಲ್ಯಾಕ್ ಅಂಡ್ ವೈಟ್' ಮಾಡಿದ. ಹವಾನಾದಲ್ಲಿ ಕಸ ಗುಡಿಸುವ ಕರಿಯ ವಿಲ್ಲಿ ಸಕ್ಕರೆ ದೊರೆಗೆ ಒಂದು ಪ್ರಶ್ನೆ ಕೇಳಿ ಪೆಟ್ಟು ತಿನ್ನುವ ಕಥೆ. ಪ್ರಚಾರಚಿತ್ರವೆಂದು ಇದನ್ನು ತಳ್ಳಿಹಾಕಲಾಗದು. ಅದು ಹೊರಿಸಿದ ವರ್ಣಭೇದದ ಆರೋಪ ಸುಳ್ಳಾಗಿರಲಿಲ್ಲ. 1936ರ ಜೂನ್‌ನಲ್ಲಿ ಮಾಸ್ಕೋದಲ್ಲಿ ಮುಂದೆ 'ಸೋಯುಜ್‌ಮುಲ್ತ್‌ಫಿಲ್ಮ್' ಎಂದು ಹೆಸರಾದ ಸ್ಟುಡಿಯೊ ಆರಂಭವಾಯಿತು. ಕಾಗದದ ಗೊಂಬೆಗಳ ಒರಟು ಚೂಪು ಹೋಯಿತು, ಡಿಸ್ನಿಯಿಂದ ಕಲಿತ ಪಾರದರ್ಶಕ ಹಾಳೆಯ ನುಣುಪು ಬಂತು. 1941ರ ಜೂನ್ 22ರಂದು ಜರ್ಮನಿ ದಾಳಿಯಿಟ್ಟ ಮೇಲೆ ಕಲಾವಿದರು ಮತ್ತೆ ಭಿತ್ತಿಚಿತ್ರದ ಗೆರೆಗೆ ಮರಳಿದರು. ಸ್ಟುಡಿಯೊ ಸಮರ್‌ಕಂದಕ್ಕೆ ಸ್ಥಳಾಂತರವಾಯಿತು. 1942ರ 'ಕಿನೊ ಸರ್ಕಸ್'ನಲ್ಲಿ ಹಿಟ್ಲರ್ ಒಂದು ಎಲುಬು ಹಿಡಿದು ತನ್ನ ಮಿತ್ರದೇಶಗಳ ನಾಯಕರೆಂಬ ನಾಯಿಗಳನ್ನು ಕುಣಿಸುತ್ತಾನೆ. ನನ್ನ ವಾದ ಈ ಯುದ್ಧದ ಚಿತ್ರಗಳಿಗೆ ಹೊಂದುವುದಿಲ್ಲ. ಆಗ ಶತ್ರು ನಿಜಕ್ಕೂ ಬಾಗಿಲಲ್ಲಿದ್ದ.

1949ಕ್ಕೆ ಬಂದರೆ ಚಿತ್ರ ಬೇರೆ. ಇವನೊವ್-ವಾನೊ ನಿರ್ದೇಶಿಸಿದ 'ಪರರ ದನಿ'ಯಲ್ಲಿ ಮಾಗ್‌ಪೈ ಹಕ್ಕಿಯೊಂದು ವಿದೇಶ ಸುತ್ತಿ ಕಾಡಿಗೆ ಮರಳುತ್ತದೆ. ನೈಟಿಂಗೇಲ್‌ನ ಹಾಡು ಹಳೆಯದಾಯಿತು ಎಂದು ಮೂಗು ಮುರಿದು, ಕಛೇರಿ ಏರ್ಪಡಿಸಿ ಜಾಜ್ ಹಾಡುತ್ತದೆ. ಉಳಿದ ಹಕ್ಕಿಗಳು ಕೂಗೆಬ್ಬಿಸಿ ಅದನ್ನು ಓಡಿಸುತ್ತವೆ. ಹತ್ತು ನಿಮಿಷದ ಮಕ್ಕಳ ಕಥೆ, ಮುದ್ದಾದ ಬಣ್ಣಗಳು. ಆದರೆ ಅದು ಬಂದ ಹೊತ್ತನ್ನು ಗಮನಿಸಬೇಕು. 1948ರ ಫೆಬ್ರವರಿಯಲ್ಲಿ ಪಕ್ಷದ ನಿರ್ಣಯವೊಂದು ಶೊಸ್ತಕೊವಿಚ್, ಪ್ರೊಕೊಫಿಯೆವ್ ಅವರ ಸಂಗೀತವನ್ನು ಜನವಿರೋಧಿ ಎಂದು ಖಂಡಿಸಿತ್ತು. 1949ರ ಜನವರಿಯಲ್ಲಿ ಪಕ್ಷದ ಪತ್ರಿಕೆ 'ಪ್ರಾವ್ದಾ' ರಂಗವಿಮರ್ಶಕರ ಗುಂಪೊಂದನ್ನು ದೇಶಪ್ರೇಮವಿಲ್ಲದವರೆಂದು ಜರೆಯಿತು. ಅವರಲ್ಲಿ ಹೆಚ್ಚಿನವರು ಯೆಹೂದಿಗಳು. ಮಾಗ್‌ಪೈ ಪರದೇಶದ ಹಕ್ಕಿಯಲ್ಲ, ಅದೇ ಕಾಡಿನಲ್ಲಿ ಹುಟ್ಟಿದ್ದು. ಹೊರಗಿನ ಗಾಳಿ ಸೋಕಿದ ತನ್ನವರಿಗೇ ಆಗ ಪ್ರಭುತ್ವ ಹೆಚ್ಚು ಹೆದರುತ್ತಿತ್ತು. ಬಹಿಷ್ಕಾರವನ್ನು ಮಕ್ಕಳು ಕೇಕೆ ಹಾಕಿ ಆನಂದಿಸುವ ಆಟವಾಗಿಸಿದ ಈ ಚಿತ್ರ, ನಾನು ನೋಡಿದವುಗಳಲ್ಲಿ ಅತ್ಯಂತ ಕ್ರೂರವಾದದ್ದು.

ಡೊಳ್ಳುಹೊಟ್ಟೆ ಆಮೇಲೂ ಮಾಯವಾಗಲಿಲ್ಲ. ಭಾರತದ ಜನಪದ ಕಥೆಗಳನ್ನು ಆಧರಿಸಿದ 'ಚಿನ್ನದ ಜಿಂಕೆ'ಯಲ್ಲಿ (1954) ಅದು ಚಿನ್ನಕ್ಕೆ ಬಾಯಿಬಿಡುವ ರಾಜನಿಗೆ ಬಂತು. 1963ರ 'ಮಿಲಿಯನೇರ್'ನಲ್ಲಿ ಒಡತಿಯ ಆಸ್ತಿ ಪಡೆದ ಬುಲ್‌ಡಾಗ್ ಅಮೆರಿಕದ ಶಾಸನಸಭೆಯವರೆಗೆ ಏರುತ್ತದೆ. 1979ರ 'ಗುಂಡಿನ ಗುರಿ'ಯಲ್ಲಿ ವ್ಲಾದಿಮಿರ್ ತರಾಸೊವ್, ಕೆಲಸ ಸಿಗದ ಯುವಕನೊಬ್ಬ ಜೀವಂತ ಗುರಿಯಾಗಿ ನಿಲ್ಲುವ ಕಥೆಯನ್ನು ಅಮೆರಿಕದ ಪಾಪ್ ಕಲೆಯ ಬಣ್ಣಗಳಲ್ಲೇ ಹೇಳಿದ.

ಇದೇ ಪರಂಪರೆಯನ್ನು ತಿರುಗಿಸಿ ಹಿಡಿದದ್ದು ಆಂದ್ರೇ ಖ್ರ್‌ಜನೊವ್ಸ್ಕಿಯ 'ಗಾಜಿನ ಹಾರ್ಮೋನಿಕ' (1968). ಸಂಗೀತ ಆಲ್ಫ್ರೆಡ್ ಶ್ನಿಟ್ಕೆಯದು. ಹಳದಿ ನಾಣ್ಯಕ್ಕೆ ಮರುಳಾದ ಊರು. ಅಲ್ಲಿನ ಜನ ದುರಾಸೆಯಲ್ಲಿ ಮೃಗಗಳಾಗುತ್ತಾರೆ. ಗಾಜಿನ ವಾದ್ಯ ನುಡಿಸುವವನನ್ನು ಕಪ್ಪು ಟೋಪಿಯವರು ಎಳೆದೊಯ್ಯುತ್ತಾರೆ. ಇದು ಬೂರ್ಜ್ವಾ ಸಮಾಜದ ದುರಾಸೆಯ, ಪೊಲೀಸ್ ದಬ್ಬಾಳಿಕೆಯ ಕಥೆ ಎಂದು ಆರಂಭದಲ್ಲಿ ಬರಹವೊಂದನ್ನು ಸೇರಿಸಲಾಗಿತ್ತು. 1924ರಿಂದ ಸವೆದುಬಂದ ಆ ರಕ್ಷಾಪತ್ರವನ್ನು ಅಧಿಕಾರಿಗಳು ನಂಬಲಿಲ್ಲ. ಟೋಪಿಯವರು ಯಾರೆಂದು ಅವರಿಗೆ ಚೆನ್ನಾಗಿಯೇ ಅರ್ಥವಾಯಿತು. ಪ್ರಾಗ್‌ಗೆ ಸೋವಿಯತ್ ಟ್ಯಾಂಕುಗಳು ನುಗ್ಗಿದ ವರ್ಷವದು. ಚಿತ್ರವನ್ನು ನಿಷೇಧಿಸಿದರು, ಸುಮಾರು ಎರಡು ದಶಕ, ಪೆರೆಸ್ತ್ರೊಯ್ಕಾ ಎಂಬ ಸುಧಾರಣೆಯ ಕಾಲ ಬರುವವರೆಗೆ, ಅದು ಡಬ್ಬಿಯಲ್ಲೇ ಉಳಿಯಿತು.