ಕಾಂಟೆಸ್ಸಾದ ಮೂರು ಎಂಜಿನ್‌ಗಳು

ಇತಿಹಾಸವೆಂದರೆ ರಾಜರು, ಯುದ್ಧಗಳು, ಇಸವಿಗಳು ಎಂದೇ ನಮ್ಮ ಮಕ್ಕಳು ತಿಳಿದಿದ್ದಾರೆ. ಹಳೇ ಕಾರಿನ ಬಾನೆಟ್ ಎತ್ತಿದರೂ ಇತಿಹಾಸ ಸಿಗುತ್ತದೆ. ಅದನ್ನು ನಾವು ಕಲಿತದ್ದು ಸಂಪಾಜೆ ಘಾಟಿಯಲ್ಲಿ, ಅದೂ ಇನ್ನೊಬ್ಬರ ದುಡ್ಡಿನಲ್ಲಿ!

2003ರಲ್ಲಿ ನಮ್ಮ ಶಾಲೆಯ ಹಿರಿಯ ಮಾಷ್ಟ್ರೊಬ್ಬರು ನಿವೃತ್ತರಾದರು. ಕೈಗೆ ಬಂದ ಹಣದಲ್ಲಿ ಸೆಕೆಂಡ್ ಹ್ಯಾಂಡ್ ಕಾಂಟೆಸ್ಸಾ ಕೊಳ್ಳಬೇಕೆಂಬುದು ಅವರ ಬಹುಕಾಲದ ಆಸೆ. ಮಂಗಳೂರಿಗೆ ಹೋಗಿ ಎರಡು ಗಾಡಿ ನೋಡಿದೆವು. ಒಂದು ಫಳಫಳ ಹೊಳೆಯುವ ಮೆರೂನ್, ಇನ್ನೊಂದು ಬಣ್ಣ ಮಾಸಿದ ಬಿಳಿ. ವಿಚಿತ್ರವೆಂದರೆ ಬಿಳಿಯದಕ್ಕೇ ಬೆಲೆ ಹೆಚ್ಚು. "ಮಾಷ್ಟ್ರೇ, ಮೆರೂನನ್ನೇ ತೆಗೆದುಕೊಳ್ಳಿ" ಎಂದವರು ನಾವೇ.

ಬೆಲೆಯ ಗುಟ್ಟು ಎಂಜಿನ್ನಿನಲ್ಲಿತ್ತು. ಕಾಂಟೆಸ್ಸಾದ ಮೈಕಟ್ಟು ಬ್ರಿಟನ್ನಿನಲ್ಲಿ 1972ರಲ್ಲಿ ಬಂದ ವಾಕ್ಸ್‌ಹಾಲ್ ವಿಕ್ಟರ್ ಕಾರಿನದು. ಹಿಂದೂಸ್ಥಾನ್ ಮೋಟಾರ್ಸ್ ಕಂಪನಿ ಅದನ್ನು 1984ರಲ್ಲಿ ಇಲ್ಲಿ ಮಾರುಕಟ್ಟೆಗೆ ಬಿಟ್ಟಿತು. ಒಳಗೆ ಕೂರಿಸಿದ್ದು ಮಾತ್ರ ಅಂಬಾಸಡರಿನ ಎಂಜಿನ್: 1950ರ ದಶಕದ ವಿನ್ಯಾಸ, 1489 ಸಿಸಿ, ಸುಮಾರು 50 ಅಶ್ವಶಕ್ತಿ, ನಾಲ್ಕು ಗೇರು. ಪ್ರತಿಯೊಂದಕ್ಕೂ ದಿಲ್ಲಿಯ ಪರವಾನಗಿ ಬೇಕಿದ್ದ ಕಾಲವದು. ಇದ್ದುದನ್ನೇ ಬಳಸುವುದು ಸುಲಭವಾಗಿತ್ತು. ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿಯದೂ ಇದೇ ಕಥೆ. ಬ್ರಿಟನ್ನಿನಲ್ಲಿ ಎಂಟು ಸಿಲಿಂಡರಿನ ಎಂಜಿನ್ ಸಹ ಹೊತ್ತಿದ್ದ ರೋವರ್ ಕಾರಿಗೆ 1985ರಲ್ಲಿ ಹಳೇ ವ್ಯಾನ್‌ಗಾರ್ಡ್‌ನ ನಾಲ್ಕು ಸಿಲಿಂಡರಿನದನ್ನು ಜೋಡಿಸಿ 'ಸ್ಟ್ಯಾಂಡರ್ಡ್ 2000' ಎಂದು ಮಾರಿದರು. ಕೆಲವೇ ವರ್ಷಗಳಲ್ಲಿ ಅದು ನಿಂತುಹೋಯಿತು.

ಕಾಂಟೆಸ್ಸಾ ಉಳಿದದ್ದು ಜಪಾನಿನ ಇಸುಜು ಕಂಪನಿಯೊಡನೆ ಆದ ಒಪ್ಪಂದದಿಂದ. ಆಗ ಬಂದದ್ದೇ 1817 ಸಿಸಿ ಪೆಟ್ರೋಲ್ ಎಂಜಿನ್. 88 ಅಶ್ವಶಕ್ತಿ, ಐದು ಗೇರು! ಅದೇ ಕಾರು ಬೇರೆಯೇ ಆಯಿತು. ಮುಂದೆ 1995 ಸಿಸಿಯ ಇಸುಜು ಡೀಸೆಲ್ ಕೂಡ ಬಂತು. ಖರ್ಚು ಕಡಿಮೆ, ಆದರೆ ಪೆಟ್ರೋಲಿನ ಓಟ ಅದಕ್ಕಿಲ್ಲ. (ಬಾಡಿಗೆಗೆ ಓಡಿಸುವವರಿಗೆ ಸರಿ, ಆಸೆಪಟ್ಟು ಕೊಳ್ಳುವವರಿಗಲ್ಲ ಎಂದು ನಮ್ಮ ಅಭಿಪ್ರಾಯ.)

ಮಾಷ್ಟ್ರ ಮೆರೂನ್ ಗಾಡಿ 1489ರದ್ದು. ಊರೊಳಗೆ ಚೆನ್ನಾಗಿಯೇ ಓಡಿತು. ರಜೆಯಲ್ಲಿ ಐದು ಜನ ಮಡಿಕೇರಿಗೆ ಹೊರಟಾಗ ಸಂಪಾಜೆ ದಾಟಿದ ಮೇಲೆ ಎರಡನೇ ಗೇರಿನಿಂದ ಮೇಲೇಳಲಿಲ್ಲ. ರೇಡಿಯೇಟರ್ ಕುದಿದು ಎರಡು ಸಲ ನಿಲ್ಲಿಸಿದೆವು. ಹಿಂದಿನಿಂದ ಬಂದ ಬಸ್ಸು ಹಾರ್ನ್ ಹೊಡೆದು ಮುಂದೆ ಹೋಯಿತು. ಮಾಷ್ಟ್ರು ನಮಗೆ ಒಂದು ಮಾತೂ ಅನ್ನಲಿಲ್ಲ. ಬಾಟಲಿ ಹಿಡಿದು ನೀರು ತರಲು ಹೋದರು. ಮರುವರ್ಷ ನಷ್ಟಕ್ಕೇ ಮಾರಿದರು.

ಅಷ್ಟರಲ್ಲಿ ಕಾಲವೂ ಬದಲಾಗಿತ್ತು. 2000ದಲ್ಲಿ ಬಂದ ಹೋಂಡಾ ಸಿಟಿ ವಿಟೆಕ್, ಅಷ್ಟೇ ಒಂದೂವರೆ ಲೀಟರಿನ ಎಂಜಿನ್ನಿನಿಂದ 106 ಅಶ್ವಶಕ್ತಿ ತೆಗೆಯುತ್ತಿತ್ತು. 2002ರಲ್ಲಿ ಕಾಂಟೆಸ್ಸಾ ತಯಾರಿಕೆ ನಿಂತಿತು.

ಈಗಲೂ ಕೆಲವರು ಹುಡುಕಿ ಕೊಳ್ಳುತ್ತಾರೆ. ಬಣ್ಣ ನೋಡುವ ಮೊದಲು ಆರ್.ಸಿ. ನೋಡಿ: 1489, 1817 ಅಥವಾ 1995. ಗೇರಿನ ಗುಂಡಿಯ ಮೇಲೆ ಐದು ಇದೆಯೇ ಎಣಿಸಿ. ಎಂಜಿನ್ ನಂಬರು ಆರ್.ಸಿ.ಯೊಡನೆ ತಾಳೆಯಾಗಬೇಕು, ಹಳೆಯದನ್ನು ಕಿತ್ತು ಬೇರೆ ಕೂರಿಸಿದವರೂ ಇದ್ದಾರೆ. ಮಂಗಳೂರಿನ ಗಾಡಿಯಾದರೆ ಅಲ್ಲಿಂದ ಎನ್‌ಓಸಿ ತಂದು ಇಲ್ಲಿ ಮರುನೋಂದಣಿ ಮಾಡಿಸಬೇಕು. ಗಡಿಯವರಾದ ನಮಗೆ ಆ ಅಲೆದಾಟ ಹೊಸತಲ್ಲ.