ಜಪಾನಿನ ಮರದಚ್ಚಿನ ಚಿತ್ರಗಳಲ್ಲಿ ನೀಲವರ್ಣ

ಜಪಾನ್ ದೇಶದ ಮರದಚ್ಚಿನ ಚಿತ್ರಗಳಿಗೆ ವರ್ಣಗಳ ಮಾರ್ದವವೇ ಮುಖ್ಯ ಲಕ್ಷಣವೆಂದು ಐರೋಪ್ಯ ರಸಿಕರು 19ನೆಯ ಶತಮಾನದ ಉತ್ತರಾರ್ಧದಿಂದ ಕೊಂಡಾಡುತ್ತ ಬಂದರು. 1770ರಲ್ಲಿ ತೀರಿಕೊಂಡ ಸುಜುಕಿ ಹರುನೊಬುವಿನ ಚಿತ್ರಗಳಲ್ಲಿ ಈಗ ಕಾಣುವ ತೆಳುಗಂದು ಆಕಾಶವನ್ನೂ ಒಣಹುಲ್ಲಿನ ಬಣ್ಣದ ನೀರನ್ನೂ ಆ ಜನಾಂಗದ ಸಂಯಮಕ್ಕೆ ನಿದರ್ಶನವಾಗಿ ಎತ್ತಿಹೇಳುವುದುಂಟು. ಈ ಅಭಿಪ್ರಾಯವು ವರ್ಣದ್ರವ್ಯಗಳ ಪರೀಕ್ಷೆಯ ಮುಂದೆ ನಿಲ್ಲಲಾರದು. ಇಂಥ ಅನೇಕ ಪ್ರತಿಗಳಲ್ಲಿ ಆ ಆಕಾಶವೂ ನೀರೂ ಅಚ್ಚಾದ ಕಾಲದಲ್ಲಿ ನೀಲಿಯಾಗಿಯೇ ಇದ್ದುವು.

1765ರಲ್ಲಿ ಬಹುವರ್ಣದ ಅಚ್ಚು ರೂಢಿಗೆ ಬಂದಾಗ ಮುದ್ರಕರ ಕೈಯಲ್ಲಿದ್ದ ನೀಲಿಗಳು ಮುಖ್ಯವಾಗಿ ಎರಡು. ಮೊದಲನೆಯದು ತ್ಸುಯುಕುಸ ಎಂಬ ಚಿಕ್ಕ ಗಿಡದ ಹೂವಿನ ರಸ. ಎಸಳುಗಳನ್ನು ಹಿಂಡಿ, ರಸವನ್ನು ಕಾಗದಕ್ಕೆ ಊಡಿಸಿ ಒಣಗಿಸಿಡುತ್ತಿದ್ದರು. ಬೇಕಾದಾಗ ಕಾಗದದ ತುಂಡನ್ನು ನೀರಿನಲ್ಲಿ ನೆನೆಸಿದರೆ ಬಣ್ಣ ಸಿದ್ಧ. ತಿಳಿಯಾದ ಈ ನೀಲಿ ಮರದಚ್ಚಿಗೆ ಬಲು ಒಗ್ಗುವಂಥದು; ಆದರೆ ನೀರಿಗೂ ಬೆಳಕಿಗೂ ನಿಲ್ಲದು. ಬಟ್ಟೆಗೆ ಬಣ್ಣ ಬರೆಯುವವರು ಮೊದಲ ಗೆರೆಗಳನ್ನು ಇದರಿಂದಲೇ ಎಳೆಯುತ್ತಿದ್ದುದು, ತೊಳೆದೊಡನೆ ಅದು ಹೋಗಿಬಿಡುತ್ತಿದ್ದುದರಿಂದ! ನೇರಳೆಬಣ್ಣದ ಪಾಡೂ ಇದೇ. ಈ ನೀಲಿಯೊಡನೆ ಕುಸುಬೆಹೂವಿನ ಕೆಂಪನ್ನು ಬೆರಸಿ ಅದನ್ನು ಮಾಡುತ್ತಿದ್ದರು. ಎರಡೂ ಬೆಳಕಿಗೆ ಮಾಸುವ ದ್ರವ್ಯಗಳೇ.

ಎರಡನೆಯದು ಗಿಡದ ನೀಲಿ. ಭಾರತದ ನೀಲಿಗಿಡಕ್ಕೂ ಜಪಾನಿನದಕ್ಕೂ ಸಸ್ಯಕುಲ ಬೇರೆಯಾದರೂ ಅವುಗಳಿಂದ ಹೊರಡುವ ವರ್ಣದ್ರವ್ಯ ಒಂದೇ. ಇದು ಬಹುಮಟ್ಟಿಗೆ ಬಾಳುವಂಥದು. ಆದರೆ ನೀರಿನಲ್ಲಿ ಕರಗದು. ಅಚ್ಚಿಗೆ ಒದಗುವಂತೆ ನುಣ್ಣಗೆ ಅರೆಯುವುದೂ ವಿಸ್ತಾರವಾದ ಆಕಾಶವನ್ನು ಸಮವಾಗಿ ತುಂಬುವುದೂ ಶ್ರಮಸಾಧ್ಯ. ಹೂವಿನ ನೀಲಿಗೆ ಮನ್ನಣೆ ದೊರೆತುದಕ್ಕೆ ಇದೇ ಕಾರಣವಾಗಿರಬೇಕು.

ಮೂರನೆಯದೊಂದು ನೀಲಿ ಬರ್ಲಿನ್ ನಗರದಿಂದ ಬಂದಿತು. 18ನೆಯ ಶತಮಾನದ ಮೊದಲ ದಶಕದಲ್ಲಿ ಡೀಸ್‌ಬಾಖ್ ಎಂಬ ವರ್ಣಕಾರನು ಕೆಂಪು ಮಾಡಹೊರಟು, ಕಲಬೆರಕೆಯ ಕ್ಷಾರದಿಂದಾಗಿ ಆಕಸ್ಮಿಕವಾಗಿ ಇದನ್ನು ಪಡೆದನು. 1724ರಲ್ಲಿ ಇದರ ತಯಾರಿಕೆಯ ಕ್ರಮ ಲಂಡನ್ನಿನಲ್ಲಿ ಪ್ರಕಟವಾಯಿತು. ಕಬ್ಬಿಣ ಮತ್ತು ಸಯನೈಡಿನ ಸಂಯುಕ್ತವಾದ ಈ ದ್ರವ್ಯದ ಕಣಗಳು ಅತಿಸೂಕ್ಷ್ಮ. ಚಿಟಿಕೆಯಷ್ಟೇ ಬಹು ನೀರಿಗೆ ಸಾಲುತ್ತದೆ. ಜಪಾನೀಯರು ಇದನ್ನು 'ಬೆರೊ-ಐ', ಎಂದರೆ ಬರ್ಲಿನ್ ನೀಲಿ, ಎಂದು ಕರೆದರು. ಇತೊ ಜಕುಚೂ 1760ರ ದಶಕದಲ್ಲಿಯೇ ತನ್ನ ರೇಷ್ಮೆಯ ಮೇಲಣ ಚಿತ್ರವೊಂದರಲ್ಲಿ ಇದನ್ನು ಬಳಸಿದ್ದಾನೆ. ಆದರೆ ಅಗ್ಗದ ಮುದ್ರಣಕ್ಕೆ ಅಂದು ಇದು ಎಟುಕುವಂತಿರಲಿಲ್ಲ. 1820ರ ದಶಕದ ಕೊನೆಗೆ ಬೆಲೆ ಇಳಿದುದರಿಂದ 1829ರ ಸುಮಾರಿಗೆ ಕೇಸೈ ಎಇಸೆನ್ ಕೇವಲ ನೀಲಿಯಿಂದಲೇ ಬೀಸಣಿಗೆಯ ಚಿತ್ರಗಳನ್ನು ರಚಿಸಿದನು. ಹೊಕುಸೈಯ 'ಫುಜಿ ಪರ್ವತದ ಮೂವತ್ತಾರು ನೋಟಗಳು' 1831ರ ವೇಳೆಗೆ ಹೊರಬರಲಾರಂಭಿಸಿದಾಗ ಪ್ರಕಾಶಕನು ಚಿತ್ರಗಳ ನೀಲಿಯನ್ನೇ ಮುಂದುಮಾಡಿ ಜಾಹೀರಾತು ಕೊಟ್ಟನು. (ಹೆಸರು ಮೂವತ್ತಾರು, ಜನಾದರಣೆಯಿಂದ ಒಟ್ಟು 46 ಆದುವು.) ದಿಗಂತದಿಂದ ಮೇಲಕ್ಕೆ ಬಣ್ಣವನ್ನು ಗಾಢವಾಗಿಸುತ್ತ ಹೋಗುವ ಕೌಶಲವು ಈ ದ್ರವ್ಯದಿಂದ ಸುಲಭವಾಯಿತು. ಭೂದೃಶ್ಯಚಿತ್ರವು ಮುದ್ರಣದಲ್ಲಿ ಪ್ರಧಾನ ಪ್ರಕಾರವಾಗಿ ಬೆಳೆದುದಕ್ಕೆ ಚಿತ್ರಕಾರರ ಪ್ರತಿಭೆಯೊಂದನ್ನೇ ಕಾರಣವಾಗಿ ಹೇಳುವುದು ಅಪೂರ್ಣವಾದ ಮಾತು.

ಈ ನೀಲಿಗಳನ್ನು ಬೇರ್ಪಡಿಸಿ ಗುರುತಿಸುವುದಕ್ಕೆ ಚಿತ್ರವನ್ನು ಕೆಡಿಸಬೇಕಾಗಿಲ್ಲ. ಅವಕೆಂಪು ಕಿರಣಗಳಲ್ಲಿ ಛಾಯಾಚಿತ್ರ ತೆಗೆದರೆ ಗಿಡದ ನೀಲಿ ಮರೆಯಾಗುತ್ತದೆ, ಬರ್ಲಿನ್ ನೀಲಿ ಕಪ್ಪಾಗಿ ಉಳಿಯುತ್ತದೆ. ಎಕ್ಸ್-ಕಿರಣಗಳಿಂದ ಬರ್ಲಿನ್ ನೀಲಿಯ ಕಬ್ಬಿಣವೂ ಗೋಚರಿಸುತ್ತದೆ. ಹರುನೊಬುವಿನ ಕಾಲದ ಮುದ್ರಣವೆಂದು ಮಾರಾಟಕ್ಕೆ ಬಂದ ಹಾಳೆಯಲ್ಲಿ ಬರ್ಲಿನ್ ನೀಲಿ ಕಂಡರೆ, ಅದು ಬಹುಶಃ ಮುಂದಿನ ಕಾಲದ ಮುದ್ರಣವೆಂದು ಶಂಕಿಸಬೇಕು.

ಮೂಲವರ್ಣಗಳು ಹೇಗಿದ್ದುವೆಂಬುದಕ್ಕೆ ಪ್ರತ್ಯಕ್ಷಸಾಕ್ಷ್ಯವೂ ಉಂಟು. ಸ್ಪಾಲ್ಡಿಂಗ್ ಸೋದರರು 1921ರಲ್ಲಿ ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯಕ್ಕೆ ಸುಮಾರು 6,500 ಅಚ್ಚುಚಿತ್ರಗಳನ್ನು ದಾನಮಾಡಿದರು. ಅವನ್ನು ಎಂದಿಗೂ ಪ್ರದರ್ಶನಕ್ಕೆ ಇಡಕೂಡದೆಂಬುದು ದಾನದ ಕರಾರು. ಬೆಳಕು ಕಾಣದೆ ಪೆಟ್ಟಿಗೆಗಳಲ್ಲಿ ಉಳಿದ ಆ ಹಾಳೆಗಳಲ್ಲಿ, ಬೇರೆಡೆ ಕಂದಿಹೋದ ಹೂವಿನ ನೀಲಿಯೂ ನೇರಳೆಯೂ ಇಂದಿಗೂ ನೋಡಸಿಗುತ್ತವೆ.