ನಾಲ್ಕು ಧ್ವನಿ, ಒಂದು ಆರ್ಗನ್: ನಮ್ಮ ಸಭೆಗಳ ಗಾಯನ ಪರಂಪರೆ

ಹಳಿಯಾಳಕ್ಕೆ ಕಾರವಾರ ದೂರ, ಧಾರವಾಡ ಹತ್ತಿರ. ಕಚೇರಿಯ ಕೆಲಸಕ್ಕೆ ಘಟ್ಟ ಇಳಿಯುವವರೂ ಓದಿಗೆ, ಔಷಧೋಪಚಾರಕ್ಕೆ ಧಾರವಾಡದ ದಾರಿ ಹಿಡಿಯುತ್ತಾರೆ. ನಮ್ಮ ಆರಾಧನೆಯ ಹಾಡು ಬಂದದ್ದೂ ಆ ಕಡೆಯಿಂದಲೇ.

ಬಾಸೆಲ್ ಮಿಶನ್ನಿನ ಸಾಮುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಪೂಜ್ಯರು 1834ರ ಅಕ್ಟೋಬರ್ 30ರಂದು ಮಂಗಳೂರು ತಲುಪಿದರು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿಯ ಠಾಣೆಗಳು ಆರಂಭವಾದವು. ಜರ್ಮನ್ ಕೀರ್ತನೆಗಳ ರಾಗಕ್ಕೆ ಕನ್ನಡದ ಮಾತು ಕೂಡಿಸಿ, ಹಿಂದೆಂದೂ ಹಾಗೆ ಹಾಡದವರಿಗೆ ನಾಲ್ಕು ಧ್ವನಿಗಳಲ್ಲಿ ಹಾಡಲು ಕಲಿಸಿದ ಆ ಹಿರಿಯರ ತಾಳ್ಮೆಗೆ ನಾವು ಋಣಿಗಳು. ರಾಗ ಎಳೆಯುವ ಕಡೆ ಕನ್ನಡದ ಹ್ರಸ್ವಾಕ್ಷರ ಬಂದು ಕೂರುವ ತೊಡಕು ಇಂದಿಗೂ ಹಾಡುವವರಿಗೆ ಗೊತ್ತು. 1853ರಲ್ಲಿ ಬಂದ ಪೂಜ್ಯ ಕಿಟ್ಟೆಲ್ ಇದಕ್ಕೆ ಬೇರೆ ದಾರಿ ಹುಡುಕಿದರು. ನಾಡು ಅವರನ್ನು 1894ರ ನಿಘಂಟಿಗಾಗಿ ನೆನೆಯುತ್ತದೆ. ನಮಗೆ ಅವರು ಕ್ರಿಸ್ತನ ಚರಿತ್ರೆಯನ್ನು ದೇಶೀ ಛಂದಸ್ಸಿನಲ್ಲಿ ಹಾಡಾಗಿಸಿದ ‘ಕಥಾಮಾಲೆ’ಯ (1862) ಕರ್ತೃವೂ ಹೌದು. ಹಾಡು ನೆಲದ್ದಾಗಬೇಕೆಂಬ ಮಾತನ್ನು ಡಮಾಮಿ ಬಾರಿಸುವ ನಮ್ಮ ತಾಲ್ಲೂಕಿನ ಸಿದ್ದಿ ಬಂಧುಗಳಿಗಂತೂ ಯಾರೂ ಹೇಳಿಕೊಡಬೇಕಿಲ್ಲ.

1881ರಲ್ಲಿ ಬೆಂಗಳೂರಿನ ಸೇಂಟ್ ಆಂಡ್ರ್ಯೂಸ್ ಚರ್ಚಿಗೆ ಇಂಗ್ಲೆಂಡಿನಿಂದ ಪೈಪ್ ಆರ್ಗನ್ ಬಂತು. ಸಣ್ಣ ಸಭೆಗಳಿಗೆ ಅದು ಎಟಕುವ ಮಾತಲ್ಲ. ಕಾಲಿನಿಂದ ತಿದಿ ಒತ್ತುವ ಹಾರ್ಮೋನಿಯಮ್ಮೇ ಅವುಗಳ ಆರ್ಗನ್. ಇಂಥ ಸಭೆಗಳನ್ನು ಮನಸ್ಸಿನಲ್ಲಿಟ್ಟು ಬರೆದಂತಿರುವ ಕೃತಿ ಜಾನ್ ಸ್ಟೇನರ್ ಅವರ ‘ದಿ ಕ್ರೂಸಿಫಿಕ್ಷನ್’. ಅದನ್ನು ಮೊದಲು ಹಾಡಿದ್ದು 1887ರ ಫೆಬ್ರುವರಿ 24ರಂದು, ಲಂಡನ್ನಿನ ಸೇಂಟ್ ಮೇರಿಲ್‌ಬೋನ್ ಚರ್ಚಿನಲ್ಲಿ. ಸ್ಟೇನರ್ ಆಗ ಸೇಂಟ್ ಪಾಲ್ಸ್ ಕಥೀಡ್ರಲ್ಲಿನ ಆರ್ಗನ್ ವಾದಕರು. ಆದರೂ ಬರೆದದ್ದು ಸಾಮಾನ್ಯ ಚರ್ಚಿನ ಗಾಯನಮಂಡಳಿಗೆ. ವಾದ್ಯವೃಂದ ಬೇಡ. ಒಬ್ಬ ಟೆನರ್, ಒಬ್ಬ ಬೇಸ್, ನಾಲ್ಕು ಧ್ವನಿಯ ಮಂಡಳಿ, ಒಂದು ಆರ್ಗನ್ ಇದ್ದರಾಯಿತು. ನಡುನಡುವೆ ಇಡೀ ಸಭೆ ಹಾಡುವ ಕೀರ್ತನೆಗಳೂ ಇವೆ. ವಿಮರ್ಶಕರು ಹಗುರವೆಂದು ಮೂಗು ಮುರಿದರು, ಚರ್ಚುಗಳು ಕೈಬಿಡಲಿಲ್ಲ. ನಮ್ಮ ಮತವೂ ಚರ್ಚುಗಳ ಕಡೆಗೇ.

ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟು, ಬಳಿಕ ಹೊರಗೆ ಕಳಿಸಿತು. ಕಲಿಸಿದವರು ಹೋದರೂ ಕಲಿತವರಿದ್ದರು. ಉಪದೇಶಿಗಳು, ಶಾಲೆಯ ಮಾಸ್ತರರು, ಸಭೆಯ ಹಿರಿಯರು ಹಾಡನ್ನು ಉಳಿಸಿದರು. 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆ ಉದಯಿಸಿತು. ಮುಂದೆ ಈ ಭಾಗದ ಸಭೆಗಳು ಅದರ ಕರ್ನಾಟಕ ಉತ್ತರ ಸಭಾಪ್ರಾಂತದಲ್ಲಿ ಒಂದಾದವು.

ಶುಭ ಶುಕ್ರವಾರದ ಮಧ್ಯಾಹ್ನ ಶಿಲುಬೆಯ ಏಳು ಮಾತುಗಳ ಆರಾಧನೆಯಲ್ಲಿ ಮಾತು ಮಾತಿನ ನಡುವೆ ಹಾಡುವ ಸರದಿ ಗಾಯನಮಂಡಳಿಯದು. ಸ್ಟೇನರರ ಏರ್ಪಾಡೂ ಇದಕ್ಕೆ ತೀರ ದೂರದ್ದಲ್ಲ. ತಿದಿಯ ಜಾಗಕ್ಕೆ ಕೀಬೋರ್ಡ್ ಬಂದಿದೆ. ಬೇಸ್ ಧ್ವನಿಗೆ ಮಾತ್ರ ಗಂಡಸರು ಎಂದೂ ಸಾಲುವುದಿಲ್ಲ. ಅಭ್ಯಾಸಕ್ಕೆ ಬರುವ ತರುಣರಿಗೆ ಬಾಗಿಲು ತೆರೆದೇ ಇದೆ.